ಮೈಸೂರು ಪಾಕಿಗೂ ಲೆಕ್ಕದಲ್ಲಿ ಜಾಗ ಇಡಿ

"ನಾಳೆಯಿಂದ ಸಿಹಿ ಪೂರ್ತಿ ಬಂದ್" ಅಂತ ಒಮ್ಮೆಯಾದರೂ ಶಪಥ ಮಾಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಮುಕ್ಕಾಲು ಸಭೆ ಇದೆ. ಈಗ, ಆ ಶಪಥ ಮುಂದಿನ ಹಬ್ಬ ದಾಟಿಯೂ ಉಳಿಯಿತು ಅನ್ನುವವರು ಮಾತ್ರ ಕೈ ಇಳಿಸಬೇಡಿ. ಹಿಂದಿನ ಸಾಲಿನಲ್ಲಿ ಒಬ್ಬರು ಇದ್ದಾರೆ. ಅವರ ಪಕ್ಕದಲ್ಲಿ ಕೂತ ಹೆಂಡತಿ ತಲೆ ಅಲ್ಲಾಡಿಸುತ್ತಿದ್ದಾರೆ.

ಆಹಾರದ ಸಲಹೆ ಕೇಳಿಕೊಂಡು ನನ್ನ ಹತ್ತಿರ ಬರುವವರು ಮೊದಲು ಹೇಳುವ ಮಾತು ಇದೇ. "ಮೇಡಂ, ಏನೇನು ಬಿಡಬೇಕು ಪಟ್ಟಿ ಕೊಡಿ." ನಾನು ಬಿಡುವ ಪಟ್ಟಿ ಕೊಡುವುದಿಲ್ಲ. "ನಿಮಗೆ ಯಾವ ತಿಂಡಿ ಇಲ್ಲದೆ ಬದುಕು ಸಪ್ಪೆ ಅನ್ನಿಸುತ್ತದೆ, ಅದನ್ನು ಹೇಳಿ" ಅಂತ ಕೇಳುತ್ತೇನೆ. ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ಖಾರಾ ಮಿಕ್ಸ್ಚರ್, ಒಬ್ಬರಿಗೆ ಗೋಬಿ ಮಂಚೂರಿ. ಅದನ್ನು ಮೊದಲು ಲೆಕ್ಕಕ್ಕೆ ಬರೆದುಕೊಂಡು, ಉಳಿದ ಊಟವನ್ನು ಅದರ ಸುತ್ತ ಹೊಂದಿಸುತ್ತೇವೆ. ಇದು ಕೇಳುವುದಕ್ಕೆ ವೈದ್ಯರು ಹೇಳುವುದಕ್ಕೆ ಉಲ್ಟಾ ಅನ್ನಿಸಬಹುದು. ಆದರೆ ಕೊಬ್ಬು ಇಳಿಸುವ ಕೆಲಸ ಎಂಟು ಹತ್ತು ತಿಂಗಳಿನದು. ಅದರ ನಡುವೆ ಕನಿಷ್ಠ ನಾಲ್ಕು ಹಬ್ಬ, ಆರು ಮದುವೆ, ಲೆಕ್ಕವಿಲ್ಲದಷ್ಟು ಹುಟ್ಟುಹಬ್ಬದ ಕೇಕು ಬರುತ್ತವೆ. ಅವಕ್ಕೆಲ್ಲ ಜಾಗವೇ ಇಡದ ಯೋಜನೆ ಉಳಿಯುವುದು ಹೇಗೆ?

ಮೊದಲು ಸ್ವಲ್ಪ ಗಣಿತ ಮಾಡೋಣ. ಹೆದರಬೇಡಿ, ಕೂಡಿಸು ಕಳೆ ಅಷ್ಟೇ.

ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ವಯಸ್ಸು 38, ಎತ್ತರ 156 ಸೆಂಟಿಮೀಟರ್, ತೂಕ 70 ಕೆ.ಜಿ. ಅವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ, 28.8 ಆಗುತ್ತದೆ. ನಮ್ಮ ದೇಶದವರಿಗೆ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ ಹಿಡಿಯುತ್ತಾರೆ. ಇವರು ಏನೂ ಮಾಡದೆ ಹಾಸಿಗೆಯಲ್ಲಿ ಮಲಗಿದ್ದರೂ ದೇಹಕ್ಕೆ ದಿನಕ್ಕೆ ಸುಮಾರು 1320 ಕ್ಯಾಲೊರಿ ಬೇಕು. 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಅಂತ ಒಂದಿದೆ, ಅದರ ಪ್ರಕಾರ. ಮನೆಗೆಲಸ, ಆಫೀಸು, ಓಡಾಟ ಸೇರಿಸಿದರೆ 1850ರ ಆಸುಪಾಸು. ಇದರಲ್ಲಿ 400 ಕಡಿಮೆ ಮಾಡೋಣ. ಕೈಯಲ್ಲಿ ಉಳಿಯುವುದು 1450.

ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ದಿನಕ್ಕೆ 400 ಅಂದರೆ ವಾರಕ್ಕೆ 2800. ಹತ್ತಿರಹತ್ತಿರ ಮೂರು ವಾರಕ್ಕೆ ಒಂದು ಕೆ.ಜಿ. ಕೊಬ್ಬು. "ಅಷ್ಟೇನಾ?" ಅಂತ ಮುಖ ಸಣ್ಣ ಮಾಡುವವರಿಗೆ ಒಂದು ಮಾತು. ಒಂದು ಕೆ.ಜಿ. ಕೊಬ್ಬು ಸಣ್ಣ ಗಂಟಲ್ಲ. ಒಂದು ಲೀಟರ್ ಎಣ್ಣೆ ಪ್ಯಾಕೆಟ್ ತೂಕ 900 ಗ್ರಾಂ ಚಿಲ್ಲರೆ. ಅದಕ್ಕಿಂತ ಜಾಸ್ತಿ ನಿಮ್ಮ ಮೈಯಿಂದ ಇಳಿದಿರುತ್ತದೆ.

ಈ 1450 ನಿಮ್ಮ ಸಂಬಳ ಅಂದುಕೊಳ್ಳಿ. ಬಾಡಿಗೆ, ರೇಷನ್ನು, ಮಕ್ಕಳ ಫೀಸು ಮೊದಲು ಹೋಗಬೇಕು. ಅಂದರೆ ಬೇಳೆ, ಮೊಟ್ಟೆ, ಮೊಸರು, ತರಕಾರಿ, ಸೊಪ್ಪು, ಮುದ್ದೆ ಅಥವಾ ಅನ್ನ. ಇವಕ್ಕೆ 1300 ಇಡಿ. ಉಳಿದ 150 ಕೈ ಖರ್ಚಿಗೆ. ಅದನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಅಂತ ಯಾರಿಗೂ ಲೆಕ್ಕ ಕೊಡಬೇಕಿಲ್ಲ, ಆದರೆ 150 ದಾಟಬಾರದು. ಒಂದೂವರೆ ಧಾರವಾಡ ಪೇಡ, ಅಥವಾ ಒಂದು ಹಿಡಿ ಖಾರಾ ಮಿಕ್ಸ್ಚರ್, ಅಥವಾ ಸಣ್ಣ ಚಾಕಲೇಟು. ಯಾವುದಾದರೂ ಒಂದು. ವಾರಕ್ಕೆ ಹಿಡಿದರೆ ಸಾವಿರ ಚಿಲ್ಲರೆ ಆಗುತ್ತದೆ, ಅದು ಸಣ್ಣ ಮೊತ್ತವೇನಲ್ಲ.

"ಸಕ್ಕರೆ ತಿಂದರೆ ಕೊಬ್ಬು ಕರಗುವುದೇ ಇಲ್ಲವಂತೆ ಹೌದಾ?" ಅಂತ ಕೇಳುತ್ತೀರಿ. ಇದಕ್ಕೆ ಉತ್ತರ ಸಿಕ್ಕಿ ಬಹಳ ವರ್ಷ ಆಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸರ್ವಿಟ್ ಅನ್ನುವವರು 42 ಹೆಂಗಸರ ಮೇಲೆ ಆರು ವಾರದ ಪ್ರಯೋಗ ಮಾಡಿ 1997ರಲ್ಲಿ ಪ್ರಕಟಿಸಿದರು. ಎರಡು ಗುಂಪಿಗೂ ಒಂದೇ ಅಳತೆಯ ಕಡಿಮೆ ಕ್ಯಾಲೊರಿ. ಒಂದು ಗುಂಪಿನ ಊಟದಲ್ಲಿ 43 ಪರ್ಸೆಂಟ್ ಕ್ಯಾಲೊರಿ ಬರೀ ಸಕ್ಕರೆಯಿಂದ. ಇನ್ನೊಂದು ಗುಂಪಿಗೆ 4 ಪರ್ಸೆಂಟ್. ಕೊನೆಗೆ ಎರಡೂ ಗುಂಪಿನವರ ತೂಕ ಹೆಚ್ಚು ಕಡಿಮೆ ಒಂದೇ ಸಮ ಇಳಿದಿತ್ತು.

ಇದಕ್ಕಿಂತ ತಮಾಷೆಯದು 2010ರದು. ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪೋಷಣೆಯ ಪಾಠ ಮಾಡುವ ಮಾರ್ಕ್ ಹಾಬ್ ಅನ್ನುವ ಮೇಷ್ಟ್ರು ಹತ್ತು ವಾರ ಬಹುಪಾಲು ಕ್ರೀಮ್ ತುಂಬಿದ ಪ್ಯಾಕೆಟ್ ಕೇಕು, ಬಿಸ್ಕತ್ತು, ಚಿಪ್ಸ್ ತಿಂದು ಬದುಕಿದರು. ಲೆಕ್ಕ ಮಾತ್ರ ದಿನಕ್ಕೆ 1800 ದಾಟಲಿಲ್ಲ. 12 ಕೆ.ಜಿ. ಇಳಿದರು. ಜೊತೆಗೆ ಪ್ರೋಟೀನ್ ಶೇಕು, ವಿಟಮಿನ್ ಮಾತ್ರೆ, ಸ್ವಲ್ಪ ತರಕಾರಿಯೂ ಇತ್ತು ಅನ್ನುವುದನ್ನು ಈ ಕಥೆ ಹೇಳುವವರು ಮರೆತುಬಿಡುತ್ತಾರೆ.

ಹಾಗಂತ ಮನೆಗೆ ಹೋಗಿ ಬೇಕರಿ ತಿಂಡಿ ಮೇಲೆ ಬದುಕಬೇಡಿ. ಲ್ಯಾಬಿನಲ್ಲಿ ಇನ್ನೊಬ್ಬರು ಅಳೆದು ಕೊಟ್ಟದ್ದನ್ನು ತಿನ್ನುವುದು ಬೇರೆ, ಮನೆಯಲ್ಲಿ ಡಬ್ಬಿ ಪಕ್ಕ ಕೂತು ತಿನ್ನುವುದು ಬೇರೆ. 2019ರಲ್ಲಿ ಕೆವಿನ್ ಹಾಲ್ ಅವರ ತಂಡ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರನ್ನು ಒಂದು ತಿಂಗಳು ಇರಿಸಿಕೊಂಡು ನೋಡಿತು. ಎರಡು ವಾರ ಕಾರ್ಖಾನೆಯ ಪ್ಯಾಕೆಟ್ ಆಹಾರ, ಎರಡು ವಾರ ಸಾದಾ ಆಹಾರ. ಎಷ್ಟು ಬೇಕಾದರೂ ತಿನ್ನಿ ಅಂದರು. ಪ್ಯಾಕೆಟ್ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಸಕ್ಕರೆಯಲ್ಲಿ ಮಂತ್ರ ಮಾಟ ಏನಿಲ್ಲ. ಇಂಥ ತಿಂಡಿ ಹೊಟ್ಟೆ ತುಂಬಿದೆ ಅಂತ ಹೇಳುವುದಿಲ್ಲ, ತೊಂದರೆ ಅದೇ. ಅದಕ್ಕೇ 1300 ಗಟ್ಟಿ ಊಟಕ್ಕೆ, 150 ಮಾತ್ರ ಆಸೆಗೆ ಅಂದದ್ದು.

ಈಗ ಮೈಸೂರು ಪಾಕಿಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಇದನ್ನು ಮಾಡಿದರು ಅನ್ನುವುದು ನಿಮಗೆಲ್ಲ ಗೊತ್ತು. ಅವರ ವಂಶದವರ ಅಂಗಡಿ ಇವತ್ತಿಗೂ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಇದರಲ್ಲಿ ಇರುವುದು ಮೂರೇ ಸಾಮಾನು: ಕಡಲೆಹಿಟ್ಟು, ಸಕ್ಕರೆ, ತುಪ್ಪ. ಮನೆಯ ಒಂದು ಅಳತೆ ಹಿಡಿಯಿರಿ. ಹಿಟ್ಟು 100 ಗ್ರಾಂ, ಸಕ್ಕರೆ 200, ತುಪ್ಪ 250. ಹಿಟ್ಟಿನಿಂದ 390, ಸಕ್ಕರೆಯಿಂದ 800, ತುಪ್ಪದಿಂದ 2250 ಕ್ಯಾಲೊರಿ. ನೋಡಿದಿರಾ? ನಾವು ಬೈಯುವುದು ಸಕ್ಕರೆಯನ್ನು, ಮೂರರಲ್ಲಿ ಎರಡು ಪಾಲಿನ ಹತ್ತಿರ ಬರುವುದು ತುಪ್ಪದಿಂದ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9. ತಟ್ಟೆಯಲ್ಲಿ ಸ್ವಲ್ಪ ತುಪ್ಪ ಬಸಿದು ಹೋಗುತ್ತದೆ ಅಂದುಕೊಂಡರೂ 35 ಗ್ರಾಂನ ಒಂದು ತುಂಡು 200ರ ಹತ್ತಿರ ಇದ್ದೇ ಇರುತ್ತದೆ. ಪೇಡ ಹಾಗಲ್ಲ, ಹಾಲು ಕಾಯಿಸಿ ಬತ್ತಿಸಿದ್ದು, 20 ಗ್ರಾಂನ ಒಂದಕ್ಕೆ 80 ಆಸುಪಾಸು.

ಇಲ್ಲಿ ನನ್ನದೊಂದು ಪಕ್ಷಪಾತ ಹೇಳಿಬಿಡುತ್ತೇನೆ. ಬಾಯಲ್ಲಿಟ್ಟರೆ ಕರಗುವ ಮೆತ್ತನೆ ಮೈಸೂರು ಪಾಕು ಈಗ ಎಲ್ಲ ಕಡೆ ಓಡುತ್ತಿದೆ. ನನಗೆ ಹಳೆಯ ಗಟ್ಟಿ ಪಾಕೇ ಇಷ್ಟ. ನಡುವೆ ಕೆಂಪಗೆ, ಸಣ್ಣ ಸಣ್ಣ ತೂತು ಬಿದ್ದದ್ದು. ಅದನ್ನು ಕಡಿಯಬೇಕು, ಅಗಿಯಬೇಕು, ಒಂದು ತುಂಡಿಗೆ ಐದು ನಿಮಿಷ ಬೇಕು. ಮೆತ್ತನೆಯದು ಗಂಟಲಿಗೆ ಇಳಿದದ್ದೇ ಗೊತ್ತಾಗುವುದಿಲ್ಲ. ಕೈ ತಾನೇ ಎರಡನೆಯದಕ್ಕೆ ಹೋಗಿರುತ್ತದೆ. ಇದು ರುಚಿಯ ವಾದ ಹೌದು, ಲೆಕ್ಕದ ವಾದವೂ ಹೌದು.

ಸರಿ, ಈ 150 ಎಲ್ಲಿಂದ ತರುವುದು? ನಿಮಗೆ ಖುಷಿಯನ್ನೇ ಕೊಡದ ಕ್ಯಾಲೊರಿ ಮನೆಯಲ್ಲಿ ಬೇಕಾದಷ್ಟು ಇದೆ. ಅದನ್ನು ಹುಡುಕೋಣ.

ಎಣ್ಣೆಯಿಂದ ಶುರು ಮಾಡಿ. ತಿಂಗಳ ರೇಷನ್ ಚೀಟಿ ತೆಗೆದು ನೋಡಿ. ಮೂರು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬರುತ್ತಿದೆ ಅನ್ನಿ. ತಲೆಗೆ ದಿನಕ್ಕೆ 41 ಗ್ರಾಂ, ಅಂದರೆ 370 ಕ್ಯಾಲೊರಿ. ಇದನ್ನು ಎರಡೂವರೆ ಲೀಟರಿಗೆ ಇಳಿಸಿದರೆ ತಲೆಗೆ 26 ಗ್ರಾಂ ಆಗುತ್ತದೆ. ಉಳಿತಾಯ ದಿನಕ್ಕೆ 130ಕ್ಕೂ ಜಾಸ್ತಿ. ಪಲ್ಯದ ಒಗ್ಗರಣೆಗೆ ನಾಲ್ಕು ಚಮಚದ ಬದಲು ಎರಡೂವರೆ ಚಮಚ ಹಾಕಿದರೆ ರುಚಿಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಾಟಲಿ ಬಗ್ಗಿಸಿ ಸುರಿಯುವುದನ್ನು ನಿಲ್ಲಿಸಿ, ಚಮಚದಲ್ಲಿ ಅಳೆಯಿರಿ, ಅಷ್ಟೇ ಕೆಲಸ. ನೀವು ಇಷ್ಟಪಡುವ ಪೇಡ ಒಗ್ಗರಣೆ ಸೌಟಿನಲ್ಲೇ ಅಡಗಿತ್ತು.

ಎರಡನೆಯದು ಕಾಫಿ. ಕೆಲವರಿಗೆ ಈಗಲೇ ಕೋಪ ಬರುತ್ತಿದೆ, ಗೊತ್ತು. ಕಾಫಿ ಬಿಡಿ ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಎಂಟು ಚಮಚ ಅಂದರೆ 40 ಗ್ರಾಂ, 160 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೊರಗಿಂದ ಸೇರಿಸುವ ಸಕ್ಕರೆ ದಿನದ ಕ್ಯಾಲೊರಿಯಲ್ಲಿ 10 ಪರ್ಸೆಂಟಿಗಿಂತ ಕಡಿಮೆ ಇರಲಿ, 5ಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು ಅಂತ. ನಮ್ಮ 1450ಕ್ಕೆ 10 ಪರ್ಸೆಂಟ್ ಅಂದರೆ 36 ಗ್ರಾಂ. ನೀವು ಒಂದು ತುಂಡು ಸಿಹಿ ಮುಟ್ಟುವ ಮೊದಲೇ ಬರೀ ಕಾಫಿಯಲ್ಲಿ ಗೆರೆ ದಾಟಿ ಆಯಿತು. ಬೆಳಗಿನ ಮೊದಲ ಲೋಟಕ್ಕೆ ನಿಮ್ಮ ಇಷ್ಟದಂತೆ ಸಕ್ಕರೆ ಹಾಕಿಕೊಳ್ಳಿ. ಅದು ನಿಜವಾದ ಸುಖ. ಆಫೀಸಿನಲ್ಲಿ ಮೂರೂವರೆಗೆ ಮಾತಿನ ಮಧ್ಯೆ ಸುಮ್ನೆ ಇಳಿಯುವ ಲೋಟಕ್ಕೆ ಯಾಕೆ? ಅದಕ್ಕೆ ಸಕ್ಕರೆ ಇದೆಯೋ ಇಲ್ಲವೋ ಅನ್ನುವುದನ್ನು ಹದಿನೈದು ದಿನದಲ್ಲಿ ನಾಲಿಗೆ ಕೇಳುವುದನ್ನೇ ಬಿಡುತ್ತದೆ.

ಮೂರನೆಯದು ತಾಯಂದಿರಿಗೆ. ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಡಬ್ಬಿಯಲ್ಲಿ ವಾಪಸ್ ಬಂದ ಚಪಾತಿ ರೋಲು, ಪಾತ್ರೆ ತೊಳೆಯುವ ಮೊದಲು ಉಳಿದ ಎರಡು ಸೌಟು ಚಿತ್ರಾನ್ನ. "ಅನ್ನ ಬಿಸಾಡಬಾರದು" ಅಂತ ಅದು ನಿಮ್ಮ ಹೊಟ್ಟೆಗೆ ಹೋಗುತ್ತದೆ. ನಿಜ, ಬಿಸಾಡಬಾರದು. ನಾಳೆಯಿಂದ ಒಂದು ಸೌಟು ಕಡಿಮೆ ಮಾಡಿ.

ಇವೆಲ್ಲ ನೆನಪಿನಲ್ಲಿ ಉಳಿಯುವುದಿಲ್ಲ ಅನ್ನುವುದಕ್ಕೂ ಆಧಾರ ಇದೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ನಡೆಯಿತು. "ನಾವು 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ" ಅನ್ನುವವರನ್ನು ಕರೆದು, ಅವರ ದೇಹ ನಿಜಕ್ಕೂ ಎಷ್ಟು ಖರ್ಚು ಮಾಡುತ್ತಿದೆ ಅಂತ ಅಳೆದರು. ಅವರ ದೇಹದಲ್ಲಿ ಯಾವ ದೋಷವೂ ಇರಲಿಲ್ಲ. ತಿಂದದ್ದನ್ನು ಸರಾಸರಿ 47 ಪರ್ಸೆಂಟ್ ಕಡಿಮೆ ಬರೆದಿದ್ದರು, ಓಡಾಟವನ್ನು 51 ಪರ್ಸೆಂಟ್ ಜಾಸ್ತಿ ಬರೆದಿದ್ದರು. ಅವರು ಸುಳ್ಳು ಹೇಳುವವರಲ್ಲ. ನಮ್ಮೆಲ್ಲರ ನೆನಪೂ ಹಾಗೇ. ಅದಕ್ಕೇ ಕೆಲವು ನೂರು ರೂಪಾಯಿಯ ಅಡುಗೆಮನೆ ತಕ್ಕಡಿ ತಗೊಳ್ಳಿ ಅಂತೀನಿ. ಜೀವನಪೂರ್ತಿ ತೂಗುವುದಕ್ಕಲ್ಲ, ಒಂದೆರಡು ತಿಂಗಳು ಸಾಕು. 30 ಗ್ರಾಂ ಮಿಕ್ಸ್ಚರ್ ಅಂದರೆ ಎಷ್ಟು ಅಂತ ಕಣ್ಣಿಗೆ ಅಭ್ಯಾಸ ಆಗುವ ತನಕ. ಮೊದಲ ಸಲ ತೂಗಿದಾಗ ಎಲ್ಲರೂ "ಇಷ್ಟೇನಾ!" ಅನ್ನುತ್ತಾರೆ.

ಈಗ, ಪೂರ್ತಿ ಬಿಟ್ಟುಬಿಡುವುದರಲ್ಲಿ ಏನು ತಪ್ಪು? ಬಿಟ್ಟು ಸುಖವಾಗಿ ಇರಬಲ್ಲವರಿಗೆ ಏನೂ ತಪ್ಪಿಲ್ಲ, ಅಂಥವರೂ ಇದ್ದಾರೆ. ಬಹಳ ಜನರಿಗೆ ಅದು ಆಗುವುದಿಲ್ಲ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಚಂದದ ಪ್ರಯೋಗ ಮಾಡಿದರು. ಕಾಲೇಜು ಹುಡುಗಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟರು. ಕೆಲವರಿಗೆ ಇಲ್ಲ, ಕೆಲವರಿಗೆ ಒಂದು, ಕೆಲವರಿಗೆ ಎರಡು. ಆಮೇಲೆ "ಈ ಐಸ್‌ಕ್ರೀಮುಗಳ ರುಚಿ ನೋಡಿ ಅಂಕ ಕೊಡಿ, ಎಷ್ಟು ಬೇಕಾದರೂ ತಿನ್ನಿ" ಅಂದರು. ಪಥ್ಯ ಗಿಥ್ಯ ಮಾಡದ ಹುಡುಗಿಯರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಹೊಟ್ಟೆ ತುಂಬಿತ್ತಲ್ಲ. ಯಾವಾಗಲೂ ಬಿಗಿಹಿಡಿದು ತಿನ್ನುವ ಹುಡುಗಿಯರು ಮಾತ್ರ ಮಿಲ್ಕ್‌ಶೇಕ್ ಆದ ಮೇಲೆ ಐಸ್‌ಕ್ರೀಮ್ ಇನ್ನೂ ಜಾಸ್ತಿ ತಿಂದರು. "ಹೇಗೂ ಇವತ್ತು ಕೆಟ್ಟಿತು, ಇನ್ನೇನು" ಅನ್ನುವ ಭಾವ. ನಿಮಗೂ ಗೊತ್ತಿರುವ ಭಾವವೇ, ಅಲ್ವಾ? ಬೆಳಿಗ್ಗೆ ಆಫೀಸಿನಲ್ಲಿ ಒಂದು ಬರ್ಫಿ ಬಾಯಿಗೆ ಬಿತ್ತು. 120 ಕ್ಯಾಲೊರಿಯ ಮಾತು. ಅದಕ್ಕೆ ಸಂಜೆ ಪಾನಿಪುರಿ, ರಾತ್ರಿ ಬಿರಿಯಾನಿ, "ಸೋಮವಾರದಿಂದ ಮತ್ತೆ ಶುರು". ಬರ್ಫಿಯಿಂದ ಯಾರೂ ದಪ್ಪ ಆಗಲಿಲ್ಲ. ಅದರ ಹಿಂದೆ ಬಂದದ್ದರಿಂದ ಆದರು.

1991ರಲ್ಲಿ ಜರ್ಮನಿಯ ಯೋಆಕಿಮ್ ವೆಸ್ಟನ್‌ಹೋಫರ್ ಅನ್ನುವವರು ತಿನ್ನುವುದರ ಮೇಲಿನ ಹತೋಟಿಯನ್ನು ಎರಡು ಬಗೆ ಮಾಡಿ ತೋರಿಸಿದರು. ಒಂದು ಬಿಗಿ ಹತೋಟಿ, ಬೇಕು ಇಲ್ಲವೇ ಬೇಡ ಅನ್ನುವಂಥದ್ದು. ಇನ್ನೊಂದು ಸಡಿಲ ಹತೋಟಿ, ಇವತ್ತು ಸ್ವಲ್ಪ ಜಾಸ್ತಿ ಆದರೆ ನಾಳೆ ಸರಿದೂಗಿಸುವಂಥದ್ದು. ಬಿಗಿ ಇದ್ದವರಲ್ಲಿ ಕೈ ತಪ್ಪಿ ತಿನ್ನುವುದು ಜಾಸ್ತಿ ಕಂಡಿತು, ಸಡಿಲ ಇದ್ದವರಲ್ಲಿ ಕಡಿಮೆ. ಬಿಗಿದಷ್ಟೂ ಹರಿಯುತ್ತದೆ ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ.

ಹಾಗಾದರೆ ವಾರಕ್ಕೊಂದು ದಿನ ಚೀಟ್ ಡೇ, ಅಂದರೆ ಲೆಕ್ಕ ಬಿಟ್ಟು ತಿನ್ನುವ ದಿನ, ಇಟ್ಟುಕೊಳ್ಳೋಣ ಅನ್ನುತ್ತಾರೆ ಜಿಮ್ ಹುಡುಗರು. ನನಗೆ ಇದು ಒಪ್ಪಿಗೆ ಇಲ್ಲ. ಲೆಕ್ಕ ಹಾಕೋಣ. ಆರು ದಿನ 400ರಂತೆ ಉಳಿಸಿದಿರಿ, 2400 ಆಯಿತು. ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆ ಎರಡು, ಮಧ್ಯಾಹ್ನ ಬಿರಿಯಾನಿ ಕಬಾಬು, ಸಂಜೆ ಗೋಬಿ, ರಾತ್ರಿ ಪಿಜ್ಜಾ ಐಸ್‌ಕ್ರೀಮು. ದಾವಣಗೆರೆ ಬೆಣ್ಣೆದೋಸೆಯ ಮೇಲಿನ ಬೆಣ್ಣೆ ಒಂದನ್ನೇ ಲೆಕ್ಕ ಹಿಡಿದರೂ, 30 ಗ್ರಾಂಗೆ 215. ದಿನದ ಕೊನೆಗೆ 4000 ಮುಟ್ಟುವುದು ಏನೂ ಕಷ್ಟವಲ್ಲ. ದೇಹಕ್ಕೆ ಬೇಕಿದ್ದದ್ದು 1850. ಹೆಚ್ಚಾದದ್ದು 2150. ಆರು ದಿನ ಬಾಯಿ ಕಟ್ಟಿದ್ದಕ್ಕೆ ಕೈಗೆ ಉಳಿದದ್ದು 250. ಈ ರೇಟಿನಲ್ಲಿ ಒಂದು ಕೆ.ಜಿ. ಕೊಬ್ಬಿಗೆ ಮೂವತ್ತು ವಾರ.

ಇದರ ಬದಲು ವಾರದ ಲೆಕ್ಕ ಹಿಡಿಯಿರಿ. ದಿನಕ್ಕೆ 1450 ಅಂದರೆ ವಾರಕ್ಕೆ 10,150. ಆರು ದಿನ 1400ರಲ್ಲಿ ನಿಲ್ಲಿಸಿದರೆ ಭಾನುವಾರಕ್ಕೆ 1750 ಸಿಗುತ್ತದೆ. ದಿನಕ್ಕೆ 50 ಅಂದರೆ ಒಂದು ಚಿಕ್ಕ ಚಮಚ ತುಪ್ಪ. ಅಷ್ಟು ಬಿಟ್ಟಿದ್ದು ನಿಮ್ಮ ಗಮನಕ್ಕೂ ಬರುವುದಿಲ್ಲ.

ಯುಗಾದಿ ಭಾನುವಾರ ಬಂತು ಅಂದುಕೊಳ್ಳಿ. 1750ರಲ್ಲಿ ಹಬ್ಬ ಮಾಡೋಣ. ಬೆಳಿಗ್ಗೆ ಹೆಸರುಕಾಳು ಉಸಲಿ ಒಂದು ಬಟ್ಟಲು, 200. ಮಧ್ಯಾಹ್ನ ಎಲೆಯ ಮೇಲೆ ಕೋಸಂಬರಿ 80, ಪಲ್ಯ 80, ಒಂದು ಬಟ್ಟಲು ಅನ್ನ ಮತ್ತು ಒಬ್ಬಟ್ಟಿನ ಸಾರು 260. ಆಮೇಲೆ ಹೋಳಿಗೆ ಎರಡು. ಸಾಧಾರಣ ಗಾತ್ರದ್ದು 250ರ ಆಸುಪಾಸು, ಅದರ ಮೇಲೆ ಒಂದು ಚಿಕ್ಕ ಚಮಚ ತುಪ್ಪ 45. ಎರಡಕ್ಕೆ 600 ಹಿಡಿಯಿರಿ. ತುಪ್ಪ ಇಲ್ಲದೆ ಹೋಳಿಗೆ ತಿನ್ನಿ ಅಂತ ನಾನು ಹೇಳುವುದಿಲ್ಲ, ಅದು ಹಬ್ಬಕ್ಕೆ ಅವಮಾನ. ಎರಡು ಸಲ ಕಾಫಿ 120. ರಾತ್ರಿ ಸಣ್ಣ ಮುದ್ದೆ, ಸೊಪ್ಪಿನ ಸಾರು, 300. ಒಟ್ಟು 1640. ಇನ್ನೂ 110 ಉಳಿಯಿತು. ಹಪ್ಪಳಕ್ಕೋ ಆಂಬೊಡೆಗೋ ಇಟ್ಟುಕೊಳ್ಳಿ. ನಿಮ್ಮ ಎಲೆ ನೋಡಿದರೆ ನೀವು ಪಥ್ಯದಲ್ಲಿ ಇದ್ದೀರಿ ಅಂತ ನೆರೆಮನೆಯವರಿಗೂ ಗೊತ್ತಾಗುವುದಿಲ್ಲ.

ಗಮನಿಸಿ, ಹೋಳಿಗೆಯನ್ನು ಊಟದ ಜೊತೆ, ಕಾಳು ತರಕಾರಿ ಹೊಟ್ಟೆಗೆ ಹೋದ ಮೇಲೆ ಇಟ್ಟೆ. ಸಂಜೆ ನಾಲ್ಕಕ್ಕೆ ಖಾಲಿ ಹೊಟ್ಟೆಯಲ್ಲಿ ಡಬ್ಬಿ ತೆಗೆದರೆ ಎರಡಕ್ಕೆ ನಿಲ್ಲುವವರು ಕಡಿಮೆ. ಸಿಹಿಯನ್ನು ತಟ್ಟೆಗೆ ಹಾಕಿಕೊಂಡು, ಡಬ್ಬಿ ಮುಚ್ಚಿ ಮೇಲಿಟ್ಟು, ಕೂತು ತಿನ್ನಿ. ನಿಂತುಕೊಂಡು, ಫೋನ್ ನೋಡುತ್ತಾ ತಿಂದದ್ದು ಲೆಕ್ಕಕ್ಕೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ.

ಮದುವೆ ಮನೆಯ ಕಷ್ಟ ಬೇರೆ. ಅಲ್ಲಿ ಒಂದೇ ಸಿಹಿ ಇರುವುದಿಲ್ಲ. ಚಿರೋಟಿ ಬರುತ್ತದೆ, ಹಿಂದೆ ಜಿಲೇಬಿ, ಆಮೇಲೆ ಪಾಯಸ, ಕೊನೆಗೆ ಐಸ್‌ಕ್ರೀಮು. ಅನ್ನ ಸಾರು ಸಾಕಾಯಿತು ಅಂದ ಹೊಟ್ಟೆ ಚಿರೋಟಿಗೆ ಜಾಗ ಮಾಡಿಕೊಡುತ್ತದೆ. ಇದನ್ನು ಬಾರ್ಬರಾ ರೋಲ್ಸ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು 1981ರಲ್ಲಿ ತೋರಿಸಿದ್ದಾರೆ. ಒಂದೇ ರುಚಿ ತಿನ್ನುತ್ತಾ ಹೋದರೆ ಅದು ಬೇಜಾರಾಗುತ್ತದೆ, ರುಚಿ ಬದಲಾದರೆ ಆಸೆ ಮತ್ತೆ ಹುಟ್ಟುತ್ತದೆ. ಹಾಗಾಗಿ ಪಂಕ್ತಿಗೆ ಕೂರುವ ಮೊದಲೇ ಇವತ್ತು ಯಾವುದು ಅಂತ ಆರಿಸಿಬಿಡಿ. ಚಿರೋಟಿ ಅಂದರೆ ಚಿರೋಟಿ. ಅದಕ್ಕೆ ಬಾದಾಮಿ ಹಾಲು, ಸಕ್ಕರೆಪುಡಿ ಎಲ್ಲ ಹಾಕಿಸಿಕೊಂಡು ಚೆನ್ನಾಗಿ ತಿನ್ನಿ. ಜಿಲೇಬಿ ಬಂದಾಗ ಎಲೆ ಮೇಲೆ ಕೈ ಅಡ್ಡ ಇಡಿ. "ಹಾಕಿಸ್ಕೊಳ್ಳಿ ಅತ್ತಿಗೆ, ಒಂದೇ ಒಂದು" ಅಂತ ಬಲವಂತ ಮಾಡುವವರು ಇದ್ದೇ ಇರುತ್ತಾರೆ. ಅವರಿಗೆ ಕ್ಯಾಲೊರಿ ಪಾಠ ಮಾಡಬೇಡಿ. "ಚಿರೋಟಿ ತುಂಬಾ ಚೆನ್ನಾಗಿತ್ತು, ಹೊಟ್ಟೆ ತುಂಬೋಯ್ತು" ಅನ್ನಿ. ಹೊಗಳಿಕೆ ಸಿಕ್ಕಿದ ಮೇಲೆ ಬಡಿಸುವವರು ಮುಂದೆ ಹೋಗುತ್ತಾರೆ.

ಹಬ್ಬದ ಮರುದಿನ ಬೆಳಿಗ್ಗೆ ತೂಕದ ಯಂತ್ರ ಹತ್ತಬೇಡಿ. ಹತ್ತಿದರೂ ಗಾಬರಿ ಆಗಬೇಡಿ. ಒಂದು ಒಂದೂವರೆ ಕೆ.ಜಿ. ಜಾಸ್ತಿ ತೋರಿಸಬಹುದು. ರಾತ್ರಿ ಬೆಳಗಾಗುವುದರಲ್ಲಿ ಒಂದು ಕೆ.ಜಿ. ಕೊಬ್ಬು ಸೇರಬೇಕಾದರೆ ನಿಮ್ಮ ಅಗತ್ಯಕ್ಕಿಂತ 7700 ಹೆಚ್ಚು ತಿಂದಿರಬೇಕು. ಅಂದರೆ ಎರಡು ಹೋಳಿಗೆ ಅಲ್ಲ, ಇಪ್ಪತ್ತೈದು ಹೋಳಿಗೆ ಹೆಚ್ಚು. ಬಂದದ್ದು ನೀರು. ಹಿಟ್ಟು ಸಕ್ಕರೆ ಜಾಸ್ತಿ ತಿಂದಾಗ ದೇಹ ಅದನ್ನು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತದೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಮಾಮೂಲಿ ಊಟಕ್ಕೆ ಬಂದರೆ ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಮರುದಿನ ಉಪವಾಸ ಮಾಡಿ ತೀರಿಸುತ್ತೇನೆ ಅನ್ನಬೇಡಿ. ಮತ್ತೆ ಅದೇ ಮಿಲ್ಕ್‌ಶೇಕ್ ಹುಡುಗಿಯರ ಕಥೆಯೇ.

ನಡೆದು ಕರಗಿಸುತ್ತೇನೆ ಅನ್ನುವವರಿಗೂ ಒಂದು ಮಾತು. 70 ಕೆ.ಜಿ.ಯವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಹೆಚ್ಚುವರಿ ಖರ್ಚು 100 ಚಿಲ್ಲರೆ. ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ, ಹೊರಗೆ ಬಂದು ಮಸಾಲೆ ದೋಸೆ, ವಡೆ, ಕಾಫಿ ಮುಗಿಸುವ ಗೆಳೆಯರ ಬಳಗ ನೋಡಿದ್ದೀರಲ್ಲ. ಬೆಂಗಳೂರಿನ ಅತಿ ಸಂತೋಷದ ವ್ಯಾಯಾಮ ಅದು. ವಾಕಿಂಗ್ ಹೃದಯಕ್ಕೆ, ಮಂಡಿಗೆ, ನಿದ್ದೆಗೆ ಬಹಳ ಒಳ್ಳೆಯದು, ಬಿಡಬೇಡಿ. ಅದನ್ನು ದೋಸೆಯ ದಂಡ ಕಟ್ಟುವುದಕ್ಕೆ ಬಳಸಬೇಡಿ.

"ಆರೋಗ್ಯಕರ ಸಿಹಿ" ಬಗ್ಗೆ ಚೀಟಿಯಲ್ಲಿ ಬರೆದು ಕೇಳಿದ್ದಾರೆ. ಬೆಲ್ಲ ಹಾಕಿದರೆ ಪರವಾಗಿಲ್ಲವಾ ಅಂತ. ಸಕ್ಕರೆಗೆ 100 ಗ್ರಾಂಗೆ 400ರ ಹತ್ತಿರ, ಬೆಲ್ಲಕ್ಕೆ 380ರ ಹತ್ತಿರ. ರುಚಿಗೆ ಬೆಲ್ಲವೇ ಬೇಕು ಅಂದರೆ ಬೆಲ್ಲ ಹಾಕಿ. ತೂಕ ಇಳಿಯಲಿ ಅಂತ ಹಾಕಬೇಡಿ. ಅಮೀನಗಡದ, ಗೋಕಾಕಿನ ಕರದಂಟು ನನಗೂ ಇಷ್ಟ. ಅದರಲ್ಲಿ ಗೋಡಂಬಿ, ಬಾದಾಮಿ, ಕೊಬ್ಬರಿ, ಅಂಟು, ಬೆಲ್ಲ ಇದೆ, ಒಳ್ಳೆಯ ಸಾಮಾನು. ಆದರೆ ಗೋಡಂಬಿಯೇ 100 ಗ್ರಾಂಗೆ 550 ದಾಟುತ್ತದೆ. ಡ್ರೈಫ್ರೂಟ್ಸ್ ಅಲ್ವಾ ಅಂತ ಲೆಕ್ಕದ ಹೊರಗೆ ಇಟ್ಟರೆ ಮೈಸೂರು ಪಾಕಿಗಿಂತ ಜಾಸ್ತಿ ನಷ್ಟ ಮಾಡುತ್ತದೆ, ಯಾಕೆಂದರೆ ಅದನ್ನು ತಿನ್ನುವಾಗ ಯಾರಿಗೂ ಅಳುಕು ಇರುವುದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲವೂ ಹಾಗೇ. ಹತ್ತು ಮನೆಯಿಂದ ಹತ್ತು ಪೊಟ್ಟಣ ಬರುತ್ತದೆ. 30 ಗ್ರಾಂ, ಒಂದು ಹಿಡಿ, 150. ನಿಮ್ಮ ದಿನದ ಕೈ ಖರ್ಚು ಅಲ್ಲಿಗೆ ಮುಗಿಯಿತು. ಉಳಿದದ್ದು ಡಬ್ಬಿಗೆ ಹಾಕಿಡಿ, ಎಳ್ಳುಬೆಲ್ಲ ಬೇಗ ಕೆಡುವುದಿಲ್ಲ. ಅಂಗಡಿಯ ಶುಗರ್‌ಫ್ರೀ ಬಿಸ್ಕತ್ತು ಕೊಳ್ಳುವ ಮೊದಲು ಹಿಂದಿನ ಪಟ್ಟಿ ಓದಿ. ಮೈದಾ ಮತ್ತು ಎಣ್ಣೆ ಹಾಗೇ ಇರುತ್ತವೆ. ಸಂಖ್ಯೆ 100 ಗ್ರಾಂಗೋ ಅಥವಾ ಎರಡು ಬಿಸ್ಕತ್ತಿಗೋ ಅನ್ನುವುದನ್ನೂ ನೋಡಿ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಹಾಗೇ ಮನೆಗೆ ಒಯ್ಯಬೇಡಿ. ನಿಮಗೆ ಕ್ಯಾಲೊರಿ ಒಂದೇ ಸಾಲದು. ಯಾವ ಮಾತ್ರೆ, ಇನ್ಸುಲಿನ್ ಎಷ್ಟು, ಯಾವ ಹೊತ್ತಿಗೆ ಅನ್ನುವುದರ ಜೊತೆ ಸಿಹಿ ಹೊಂದಬೇಕು. ನಿಮ್ಮ ಡಾಕ್ಟರ ಹತ್ತಿರ "ವಾರಕ್ಕೆ ಎರಡು ಸಲ ಸಿಹಿ ತಿನ್ನಬೇಕು, ಹೇಗೆ ಹೊಂದಿಸೋಣ?" ಅಂತ ನೇರವಾಗಿ ಕೇಳಿ. ಮುಚ್ಚಿಟ್ಟು ತಿನ್ನುವುದಕ್ಕಿಂತ ಅದು ಎಷ್ಟೋ ಮೇಲು. ಬಸುರಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಕ್ಯಾಲೊರಿ ಕಡಿತಕ್ಕೆ ಇಳಿಯಬಾರದು. ಊಟದ ಲೆಕ್ಕ ಇಟ್ಟರೆ ತಲೆಯಲ್ಲಿ ದಿನವಿಡೀ ಅದೇ ಓಡುತ್ತದೆ, ತಿಂದರೆ ಅಪರಾಧ ಮಾಡಿದಂತೆ ಅನ್ನಿಸುತ್ತದೆ ಅನ್ನುವವರು ತಕ್ಕಡಿ ಕೊಳ್ಳಬೇಡಿ, ಮೊದಲು ಮನೋವೈದ್ಯರ ಹತ್ತಿರ ಮಾತಾಡಿ.

ಕೊನೆಯ ಪ್ರಶ್ನೆ, ಮುಂದಿನ ಸಾಲಿನಿಂದ. "ತೂಕ ಇಳಿದ ಮೇಲೆ ಏನು?" ಬಹಳ ಜನ ಕೇಳದೇ ಇರುವ ಪ್ರಶ್ನೆ. ನಮ್ಮ ಹೆಣ್ಣುಮಗಳು 70ರಿಂದ 60ಕ್ಕೆ ಬಂದರು ಅನ್ನಿ. ಈಗ ಅವರ ದೇಹ ಚಿಕ್ಕದು, ಅದಕ್ಕೆ ಬೇಕಾದದ್ದೂ ಕಡಿಮೆ. ಅದೇ ಸೂತ್ರ ಹಾಕಿದರೆ ದಿನಕ್ಕೆ 1710ರ ಆಸುಪಾಸು. ಹಳೆಯ 1850ಕ್ಕೆ ವಾಪಸ್ ಹೋದರೆ ದಿನಕ್ಕೆ 140 ಹೆಚ್ಚಾಗಿ, ನಿಧಾನಕ್ಕೆ ತೂಕ ಮರಳುತ್ತದೆ. ಬಹಳ ಜನ ಜಾರುವುದು ಇಲ್ಲೇ. 1450ರಿಂದ ವಾರಕ್ಕೆ 100ರಂತೆ ಏರಿಸುತ್ತಾ ಹೋಗಿ, ತೂಕ ನಿಂತಲ್ಲಿ ನಿಲ್ಲಿಸಿ. ಹೆಚ್ಚಾಗಿ ಸಿಕ್ಕಿದ 250ರಲ್ಲಿ ದೊಡ್ಡ ಪಾಲು ಮೊಸರು, ಕಾಳು, ಹಣ್ಣಿಗೆ ಕೊಡಿ. ಕೈ ಖರ್ಚಿನ 150 ಬೇಕಿದ್ದರೆ 200 ಆಗಲಿ. ಅಲ್ಲಿಗೆ ಒಂದು ಪೂರ್ತಿ ಮೈಸೂರು ಪಾಕು, ಗಟ್ಟಿಯದು.